ಎರಿ ಹೊಲ, ಕರಿ ಅಳಿಯ

ಸವತಿಯರ ಜಗಳಕ್ಕೆ ಮನೆ ಒಡೆದ ಕಥೆ ಯಾವ ಊರಲ್ಲಿ ಇಲ್ಲ? ಆದರೆ 1610ರಲ್ಲಿ ನಮ್ಮ ನೆರೆಯ ಅಹ್ಮದ್‌ನಗರದ ನಿಜಾಮಶಾಹಿಯಲ್ಲಿ ಇಂಥದೊಂದು ಜಗಳಕ್ಕೆ ಸುಲ್ತಾನನೇ ಜೀವ ಕಳೆದುಕೊಂಡ. ಎರಡನೇ ಮುರ್ತಜಾ ನಿಜಾಮ ಶಾಹನ ಹಿರಿಯ ಬೇಗಂ ಪರ್ಶಿಯನ್ ಮೂಲದವಳು, ಬೆಳ್ಳಗಿನ ಮೈಯವಳು. ಕಿರಿಯಳು ಆಫ್ರಿಕದಿಂದ ಬಂದ ಹಬಶಿ ಸರದಾರನ ಮಗಳು. ಮಾತಿಗೆ ಮಾತು ಹತ್ತಿ ಹಿರಿಯಳು ಕಿರಿಯಳನ್ನು ‘ನೀನೊಬ್ಬ ಗುಲಾಮಳು’ ಎಂದು ಹೀಗಳೆದಳು. ಅವಳಪ್ಪನನ್ನೂ ಬಂಡುಕೋರನೆಂದು ಜರೆದಳು. ಮಾತು ತವರಿಗೆ ಮುಟ್ಟಿತು. ಸ್ವಲ್ಪ ಕಾಲದಲ್ಲೇ ಸುಲ್ತಾನನಿಗೆ ವಿಷ ಬಿತ್ತು. ಅವನ ಐದು ವರ್ಷದ ಮಗ ಪಟ್ಟಕ್ಕೆ ಬಂದ. ಆ ಕಾಲದಲ್ಲಿ ದಖ್ಖನ್ ಹಾದುಹೋದ ವ್ಯಾನ್ ರಾವೆಸ್ಟೀನ್ ಎಂಬ ಡಚ್ ವ್ಯಾಪಾರಿ ಬರೆದಿಟ್ಟ ವೃತ್ತಾಂತವಿದು. ಇತಿಹಾಸಕಾರ ರಿಚರ್ಡ್ ಈಟನ್ ತಮ್ಮ ದಖ್ಖನಿನ ಸಾಮಾಜಿಕ ಇತಿಹಾಸದಲ್ಲಿ ಇದನ್ನು ಎತ್ತಿ ಹೇಳಿದ್ದಾರೆ.

ಆ ಹಬಶಿ ಮಾವನ ಹೆಸರು ಮಲಿಕ್ ಅಂಬರ್.

1548ರ ಸುಮಾರಿಗೆ ಇಥಿಯೋಪಿಯದಲ್ಲಿ ಹುಟ್ಟಿದ ಹುಡುಗನಿವನು. ಹೆಸರು ಚಾಪು. ಗುಲಾಮರ ಸಂತೆಗಳಲ್ಲಿ ಕೈಯಿಂದ ಕೈಗೆ ದಾಟಿ, ಬಾಗ್ದಾದಿನಲ್ಲಿ ಅಂಬರ್ ಎನಿಸಿಕೊಂಡು, ಕೊನೆಗೆ ಅಹ್ಮದ್‌ನಗರಕ್ಕೆ ಬಂದ. ಕೊಂಡವನು ಅಲ್ಲಿನ ಪೇಶ್ವೆ ಚೆಂಗೀಜ್ ಖಾನ್. ಅವನೂ ಗುಲಾಮಗಿರಿಯಿಂದ ಮೇಲೆ ಬಂದ ಹಬಶಿಯೇ. 1600ರಲ್ಲಿ ಮೊಗಲರು ಅಹ್ಮದ್‌ನಗರದ ಕೋಟೆ ಹಿಡಿದರು, ಚಾಂದ್ ಬೀಬಿ ಸತ್ತಳು, ಸಿಂಹಾಸನಕ್ಕೆ ದಿಕ್ಕಿಲ್ಲದಂತಾಯಿತು. ಆಗ ಅಂಬರ್ ಬಿಜಾಪುರದಲ್ಲಿದ್ದ ರಾಜವಂಶದ ಇಪ್ಪತ್ತರ ಹುಡುಗನೊಬ್ಬನನ್ನು ಹುಡುಕಿ ತಂದ. ಅವನಿಗೆ ತನ್ನ ಮಗಳನ್ನು ಕೊಟ್ಟ. ಪರಂಡಾ ಕೋಟೆಯಲ್ಲಿ ಎರಡನೇ ಮುರ್ತಜಾ ಎಂದು ಪಟ್ಟ ಕಟ್ಟಿದ. ಕೊಂಡು ತಂದ ಗುಲಾಮ ಸುಲ್ತಾನನಿಗೆ ಮಾವನಾದ.

ಪರಂಡಾ ನಮಗೆ ದೂರದ ಸೀಮೆಯಲ್ಲ. ಆಳಂದ ತಾಲ್ಲೂಕಿನ ಸರಸಂಬಾದಂಥ ಗಡಿ ಹಳ್ಳಿಯಲ್ಲಿ ನಿಂತರೆ ಸೊಲ್ಲಾಪುರ, ಬಾರ್ಶಿ ದಾಟಿ ಸಿಗುವ ಊರು. ಇಲ್ಲಿಯ ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ಉಮರ್ಗಾ, ಅಕ್ಕಲಕೋಟ ಕಡೆಯಿಂದ ಹೆಣ್ಣು ತರುವುದು, ಅತ್ತ ಹೆಣ್ಣು ಕೊಡುವುದು ಹಿಂದಿನಿಂದ ನಡೆದು ಬಂದದ್ದು. ರಾಜ್ಯದ ಗಡಿ ನಕಾಶೆಯಲ್ಲಿದೆ, ಬೀಗತನಕ್ಕೆ ಅದರ ಹಂಗಿಲ್ಲ. ಹಾಗಾದರೆ ಇದೇ ನೆಲದಲ್ಲಿ ನಾಲ್ಕು ನೂರು ವರ್ಷಗಳ ಹಿಂದೆ ಆಫ್ರಿಕದವರ ಜೊತೆ ಆದ ಬೀಗತನ ಏನಾಯಿತು? ಆ ಅಳಿಯಂದಿರು, ಆ ಮಾವಂದಿರು ಎಲ್ಲಿ ಹೋದರು?

ಹೆಣ್ಣು ನೋಡುವ ಕಣ್ಣು

ಉತ್ತರಕ್ಕೆ ಮೊದಲು ನಮ್ಮ ಕಣ್ಣಿನ ವಿಚಾರ ಒಂದಿಷ್ಟು ಆಗಲಿ.

ಸಂಬಂಧ ಹುಡುಕುವ ಮಾತುಕತೆ ನಮ್ಮ ಕಡೆ ಹೀಗೆ ಶುರುವಾಗುತ್ತದೆ. “ಪೋರಿ ಹ್ಯಾಂಗ ಅದಾಳ?” “ಓದ್ಯಾಳ, ಗುಣಾ ಚಲೋ ಅದ. ಖರೆ ಜರಾ ಕರ್ರಗ ಅದಾಳ.” ಆ ‘ಖರೆ’ ಎಂಬ ಸಣ್ಣ ಶಬ್ದದ ಮೇಲೆ ಎಷ್ಟು ತೊಲಿ ಬಂಗಾರ ಹೆಚ್ಚಾಗಿದೆಯೋ ಹೆಣ್ಣು ಹೆತ್ತವರಿಗೇ ಗೊತ್ತು. ಬೆಳ್ಳಗಿದ್ದರೆ ‘ಕೆಂಪಗ ಅದಾಳ’ ಎಂದು ಮಾತು ಅಲ್ಲಿಗೇ ಮುಗಿಯುತ್ತದೆ.

ಇದೇ ಹಿರಿಯರು ಹೊಲ ನೋಡಲು ಹೋದಾಗ ಲೆಕ್ಕ ತಿರುವುಮುರುವು. ಕೆಂಪು ಮಣ್ಣಿನ ಮಸಾರಿಗೆ ಮೂಗು ಮುರಿಯುತ್ತಾರೆ. ಹಿಡಿ ಮಣ್ಣೆತ್ತಿ, ಕರ್ರಗೆ ಎಣ್ಣೆಯಂತೆ ಅಂಟಿದರೆ ತಲೆದೂಗುತ್ತಾರೆ. ತೊಗರಿ, ಜೋಳ, ಕಡಲೆ ಎಲ್ಲಕ್ಕೂ ಎರಿ ನೆಲವೇ ಆಗಬೇಕು. ಹೊಲ ಕೊಳ್ಳುವಾಗ ಎರಿ ಬೇಕು, ಹೆಣ್ಣು ನೋಡುವಾಗ ಮಸಾರಿ ಬೇಕು.

ಈ ಎರಿ ನೆಲಕ್ಕೂ ಆಫ್ರಿಕಕ್ಕೂ ಹಳೆಯ ಲೇವಾದೇವಿ ಇದೆ. ದಖ್ಖನಿನ ಕರಿ ಮಣ್ಣು ಹತ್ತಿ ಕೊಟ್ಟಿತು, ಹತ್ತಿ ಬಟ್ಟೆಯಾಯಿತು. ಆ ಬಟ್ಟೆಗೆ ಇಥಿಯೋಪಿಯದಲ್ಲಿ ಬಲು ಬೇಡಿಕೆ. ಬಟ್ಟೆ ಹೊತ್ತು ಹೋದ ಹಡಗುಗಳು ಚಿನ್ನ, ದಂತದ ಜೊತೆ ಮನುಷ್ಯರನ್ನೂ ಹೊತ್ತು ಮರಳಿದವು. ಇಥಿಯೋಪಿಯವನ್ನು ಅರಬರು ‘ಹಬಶ್’ ಎನ್ನುತ್ತಿದ್ದರು, ಬಂದವರು ಹಬಶಿಗಳಾದರು.

ಕಲಬುರಗಿಯ ಹಬಶಿ ಅಧಿಕಾರಿ

1347ರಲ್ಲಿ ಕಲಬುರಗಿ ಬಹಮನಿಗಳ ರಾಜಧಾನಿಯಾಯಿತು. ಆಸ್ಥಾನಕ್ಕೆ ಸಮುದ್ರದಾಚೆಯ ಜನ ಬಂದು ತುಂಬಿದರು. ಜೇವರ್ಗಿ ದಾರಿಯಲ್ಲಿ ಭೀಮಾ ದಂಡೆಯ ಮೇಲೆ ಪಾಳು ಬಿದ್ದಿರುವ ಫಿರೋಜಾಬಾದ್ ಕೋಟೆಯನ್ನು ಕಟ್ಟಿಸಿದ ಫಿರೋಜ್ ಶಾಹನ ಜನಾನಾದಲ್ಲಿ ಅರಬ, ತುರ್ಕ, ಯುರೋಪಿನ ಹೆಂಗಸರಿಂದ ಹಿಡಿದು ಬಂಗಾಳಿ, ಗುಜರಾತಿ, ತೆಲುಗು, ಮರಾಠಿ ಹೆಂಗಸರವರೆಗೆ ಇದ್ದರೆಂದೂ ಅವರವರ ಮಾತಿನಲ್ಲೇ ಅವನು ಅವರೊಡನೆ ಮಾತಾಡುತ್ತಿದ್ದನೆಂದೂ ಚರಿತ್ರೆಕಾರ ಫಿರಿಷ್ತಾ ಬರೆದಿದ್ದಾನೆ. ಬಿನ್ನಾಣದ ಕಥೆ ಸರಿ, ಆದರೆ ಜನಾನಾ ಎಂದರೆ ಬೀಗತನವಾಗುವುದಿಲ್ಲ. ಬೀಗತನದಲ್ಲಿ ಎರಡು ಮನೆಗಳು ಒಂದೇ ಎತ್ತರದ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಬದಲಾಯಿಸಬೇಕು.

ಆ ಕಟ್ಟೆಗೆ ಹಬಶಿಗಳು ಹತ್ತಿದ್ದು ಅಧಿಕಾರದ ಮೆಟ್ಟಿಲಿನಿಂದ. ಹದಿನೈದನೆಯ ಶತಮಾನದ ಕೊನೆಯಲ್ಲಿ ಇಡೀ ಕಲಬುರಗಿ ಸೀಮೆ ದಸ್ತೂರ್ ದಿನಾರ್ ಎಂಬ ಹಬಶಿಯ ಕೈಯಲ್ಲಿತ್ತು. ಬಹಮನಿ ಸುಲ್ತಾನನಿಗೆ ತಿರುಗಿಬಿದ್ದು, ಸೋತು, ಕ್ಷಮೆ ಪಡೆದು, ಮತ್ತೆ ಅದೇ ಗಾದಿಗೆ ಬಂದವನು. ಕೊನೆಗೆ ಬಿಜಾಪುರದ ಯೂಸುಫ್ ಆದಿಲ್ ಖಾನನ ಕಡೆಯವರ ಕೈಯಲ್ಲಿ ಸತ್ತ. ಬೀದರಿನಲ್ಲಿ ಹಬಶಿ ಕೋಟ್ ಎಂಬ ಗುಡ್ಡದ ಮೇಲೆ ಹಬಶಿ ಸರದಾರರ ಗೋರಿಗಳು ಇಂದಿಗೂ ಇವೆ.

ಬಿಜಾಪುರದ ಕಥೆ ಇನ್ನೂ ಜೋರು. ಎರಡನೇ ಇಬ್ರಾಹಿಂ ಆದಿಲ್ ಶಾಹ ಬಾಲಕನಾಗಿದ್ದಾಗ ಇಖ್ಲಾಸ್ ಖಾನ್, ಅವನ ಮೇಲೆ ದಿಲಾವರ್ ಖಾನ್, ಹೀಗೆ ಹಬಶಿಗಳೇ ರಾಜ್ಯ ನಡೆಸಿದರು. ದಿಲಾವರನ ಕಾರುಬಾರು 1582ರಿಂದ 1590ರವರೆಗೆ. ಮುಂದೆ ಗೋಲಗುಮ್ಮಟದ ಮಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಇನ್ನೊಬ್ಬ ಇಖ್ಲಾಸ್ ಖಾನ್ ಬಂದ. 1645ರ ಸುಮಾರಿನ ಒಂದು ಚಿತ್ರದಲ್ಲಿ ಸುಲ್ತಾನ ಆನೆಯೇರಿ ಕೂತಿದ್ದಾನೆ, ಅದೇ ಆನೆಯ ಮೇಲೆ ಅವನ ಬೆನ್ನ ಹಿಂದೆ ಕಪ್ಪು ಮೈಯ ಇಖ್ಲಾಸ್ ಖಾನ್. ಚಿತ್ರಗಾರರು ಬಣ್ಣ ತಿಳಿ ಮಾಡಲಿಲ್ಲ. ಇದ್ದ ಕಪ್ಪನ್ನು ಇದ್ದ ಹಾಗೆ, ಗತ್ತಿನಿಂದ ಬರೆದರು.

ದಖ್ಖನಿನ ದರ್ಬಾರುಗಳಲ್ಲಿ ಎರಡು ಬಣಗಳಿದ್ದವು. ಇರಾನ್, ತುರ್ಕಿ ಕಡೆಯಿಂದ ಹೊಸದಾಗಿ ಬಂದ ಬಿಳಿ ಮೈಯ ಆಫಾಕಿಗಳು ಒಂದು ಕಡೆ. ಇಲ್ಲೇ ಹುಟ್ಟಿ ಬೆಳೆದ ದಖನಿಗಳು ಇನ್ನೊಂದು ಕಡೆ. ಹಬಶಿಗಳೂ ಹೊರಗಿನಿಂದ ಬಂದವರೇ. ಆದರೂ ಸಾಮಾನ್ಯವಾಗಿ ನಿಂತದ್ದು ದಖನಿಗಳ ಸಾಲಿನಲ್ಲಿ. ಮರಳಿ ಹೋಗಲು ಊರಿಲ್ಲ, ಬೆನ್ನಿಗೆ ಬಳಗವಿಲ್ಲ, ಬಂದ ನೆಲವೇ ಊರಾಗಬೇಕಿತ್ತು.

ಹೊರಗಿನ ಕಣ್ಣಿಗೆ ಮಾತ್ರ ಬಣ್ಣವೇ ಮೊದಲು ಬಿತ್ತು. ಅಂಬರನನ್ನು ಸಾಯುವವರೆಗೂ ಬಗ್ಗಿಸಲಾಗದ ಮೊಗಲ್ ಬಾದಶಾಹ ಜಹಾಂಗೀರ್ ತನ್ನ ಆತ್ಮಕಥೆಯ ತುಂಬ ಅವನ ಕಪ್ಪು ಮೋರೆಯನ್ನು ಬೈದುಕೊಂಡ. ಅಂಬರನ ರುಂಡಕ್ಕೆ ತಾನು ಬಾಣ ಬಿಡುವಂತೆ ಚಿತ್ರ ಬರೆಸಿಕೊಂಡು ಸಮಾಧಾನಪಟ್ಟ. ಅಂಬರ್ 1626ರಲ್ಲಿ ವಯಸ್ಸಾಗಿ ಸತ್ತ. ಹೆಂಡತಿ ಕರೀಮಾಳ ಗೋರಿಯೂ ಅವನದೂ ಖುಲ್ದಾಬಾದಿನಲ್ಲಿ ಹತ್ತಿರ ಹತ್ತಿರವಿವೆ.

ಬೆರೆತವರು ಕಾಣುವುದಿಲ್ಲ

ಇಷ್ಟು ಜನ, ಇಷ್ಟು ಅಧಿಕಾರ. ಆದರೆ ಇಂದು ಕಲಬುರಗಿ, ಬೀದರ, ವಿಜಯಪುರದ ಪೇಟೆಯಲ್ಲಿ ‘ಹಬಶಿ’ ಎಂದು ಬೆರಳು ಮಾಡಿ ತೋರಿಸಲು ಒಂದು ಓಣಿಯೂ ಸಿಗುವುದು ಕಷ್ಟ. ಎಲ್ಲಿ ಹೋದರು ಎಂಬ ಪ್ರಶ್ನೆಗೆ ಉತ್ತರ ಸರಳ: ಎಲ್ಲಿಗೂ ಹೋಗಲಿಲ್ಲ, ಮದುವೆಯಾದರು.

ಇದಕ್ಕೆ ಕಾರಣ ದಖ್ಖನಿನ ಗುಲಾಮಗಿರಿಯ ಬಗೆಯಲ್ಲೇ ಇತ್ತು. ಅಮೆರಿಕದ ಹತ್ತಿ ತೋಟಗಳಲ್ಲಿ ಗುಲಾಮ ತಾಯಿಯ ಮಗುವೂ ಗುಲಾಮ. ಇಲ್ಲಿ ಅವರನ್ನು ಕೊಂಡದ್ದು ಕತ್ತಿ ಹಿಡಿಯಲು. ಕೊಂಡ ಧಣಿ ಸತ್ತ ಮೇಲೆ ಬಹಳಷ್ಟು ಜನ ಸ್ವತಂತ್ರರಾದರು, ಕುದುರೆ ಕಟ್ಟಿ, ತಮ್ಮದೇ ಪಡೆ ಕಟ್ಟಿ ಸರದಾರರಾದರು. ಬಂದವರಲ್ಲಿ ಗಂಡಸರೇ ಹೆಚ್ಚು, ಹಾಗಾಗಿ ಹೆಣ್ಣು ಇಲ್ಲಿಯದೇ ಆಗಬೇಕು. ಮಕ್ಕಳು ದಖನಿ ಮಾತಾಡಿದರು, ಮೊಮ್ಮಕ್ಕಳು ದಖನಿಗಳೇ ಆದರು. ಹಡಗುಗಳು ಬರುವುದು ನಿಂತ ಮೇಲೆ ಹಬಶಿ ಎಂಬ ಹೆಸರು ಹೊತ್ತು ಹೊಸಬರು ಬರಲಿಲ್ಲ. ಎರಡು ಮೂರು ತಲೆಮಾರಿನಲ್ಲಿ ಗುಂಗುರು ಕೂದಲು ಯಾರದೋ ಮನೆಯ ‘ನಮ್ಮಜ್ಜನ ಹಂಗೇ’ ಆಯಿತು.

ಹೈದರಾಬಾದಿನಲ್ಲಿ ಕೊನೆಯ ಗುರುತು ಉಳಿದಿದೆ. ಕಲಬುರಗಿ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು. ಇಂದಿಗೂ ನಮ್ಮವರು ದವಾಖಾನೆ ಕೆಲಸಕ್ಕೆ ಹೈದರಾಬಾದಿಗೆ ಹೋದರೆ ‘ಎ.ಸಿ. ಗಾರ್ಡ್ಸ್’ ಎಂಬ ಪ್ರದೇಶ ಸಿಗುತ್ತದೆ. ಅದು ‘ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್’ ಎಂಬುದರ ಗಿಡ್ಡ ರೂಪ. ನಿಜಾಮನ ಆಫ್ರಿಕನ್ ಕುದುರೆ ಪಡೆಯವರು ನೆಲೆಸಿದ ಜಾಗ. ಆ ಪಡೆಯವರ ಮೊಮ್ಮಕ್ಕಳು ಹೈದರಾಬಾದಿ ಮನೆಗಳೊಡನೆ ಬೆರೆತು ದಖನಿ ಉರ್ದು ಮಾತಾಡುತ್ತಾರೆ. ಹೈದರಾಬಾದಿನ ಮದುವೆ ಮೆರವಣಿಗೆಯಲ್ಲಿ ಮೈ ಕುಣಿಸುವ ಮರ್ಫಾ ವಾದ್ಯವನ್ನು ಅಲ್ಲಿ ಬೆಳೆಸಿದವರು ಯೆಮನ್‌ನಿಂದ ಬಂದ ಅರಬರು ಮತ್ತು ಸಿದ್ದಿಗಳೆಂದು ಕರೆಯಲಾಗುವ ಈ ಆಫ್ರಿಕನ್ ಮೂಲದವರು. ಮದುಮಗ ಯಾವ ಜಾತಿಯವನಾದರೂ ಆಗಲಿ, ಮುಂದೆ ಮೊಳಗುವ ತಾಳದಲ್ಲಿ ಆಫ್ರಿಕ ಇರುತ್ತದೆ.

ಬೆರೆಯದವರು ಕಾಣುತ್ತಾರೆ

ಇದಕ್ಕೆ ತದ್ವಿರುದ್ಧವಾದ ಕಥೆ ಉತ್ತರ ಕನ್ನಡದ ಕಾಡಿನಲ್ಲಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಅಂಕೋಲಾ ಕಡೆಯ ಸಿದ್ದಿಗಳಲ್ಲಿ ಹೆಚ್ಚಿನವರ ಹಿರಿಯರು ಗೋವೆಯ ಪೋರ್ಚುಗೀಸರ ಗುಲಾಮರಾಗಿದ್ದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರಿಗೆ ಕುದುರೆ ಸಿಗಲಿಲ್ಲ, ಜಹಗೀರು ಸಿಗಲಿಲ್ಲ. ಅಡಿಕೆ ತೋಟದ ಕೂಲಿ ಸಿಕ್ಕಿತು. ಸರದಾರನಿಗೆ ಹೆಣ್ಣು ಕೊಟ್ಟ ಸಮಾಜ ಕೂಲಿಯವನಿಗೆ ಕೊಡಲಿಲ್ಲ. ಆದ್ದರಿಂದಲೇ ಅವರ ಮುಖದಲ್ಲಿ ಆಫ್ರಿಕ ಇನ್ನೂ ಓದಬಹುದಾದಷ್ಟು ಸ್ಪಷ್ಟವಾಗಿದೆ. ದಖ್ಖನಿನಲ್ಲಿ ಆಫ್ರಿಕ ಕಾಣದಿರುವುದಕ್ಕೂ ಕಾಡಿನಲ್ಲಿ ಕಾಣುವುದಕ್ಕೂ ಕಾರಣ ಒಂದೇ, ಬೀಗತನ. ದಖ್ಖನಿನಲ್ಲಿ ಆಯಿತು, ಕಾಡಿನಲ್ಲಿ ಆಗಲಿಲ್ಲ.

ಹಾಗೆಂದು ಬೆರಕೆಯೇ ಇಲ್ಲವೆನ್ನುವಂತಿಲ್ಲ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಸಿದ್ದಿಗಳ ವಂಶವಾಹಿ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಆಫ್ರಿಕದ ಜೊತೆ ಭಾರತದ ಪಾಲನ್ನೂ, ಬಹುಶಃ ಯುರೋಪಿನ ಪಾಲನ್ನೂ ಗುರುತಿಸಿತು. ಬೆರಕೆಯಾದದ್ದು ಸುಮಾರು 200 ವರ್ಷಗಳ ಈಚೆಗೆ, ಎಂದರೆ ಎಂಟು ತಲೆಮಾರು. ರಕ್ತ ಬೆರೆತಿದೆ, ಊರಿನ ಪಂಕ್ತಿಯಲ್ಲಿ ಎಲೆ ಬೆರೆಯಲಿಲ್ಲ. ಮದುವೆಯಿಲ್ಲದ ಬೆರಕೆಗಳಲ್ಲಿ ಯಾರ ಇಚ್ಛೆ ನಡೆದಿತ್ತು ಎಂಬುದನ್ನು ವಂಶವಾಹಿ ಹೇಳುವುದಿಲ್ಲ.

ಸಿದ್ದಿಗಳ ಮನೆಯೊಳಗೆ ಮಾತ್ರ ಬೇರೆಯದೇ ಪಾಠವಿದೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಈ ಮೂರು ಧರ್ಮದವರ ನಡುವೆ ಸಿದ್ದಿ ಎಂಬ ಒಂದೇ ಎಳೆ ಹಿಡಿದು ಮದುವೆಗಳು ನಡೆಯುತ್ತ ಬಂದಿವೆ. ನಾವು ದೊಡ್ಡ ಪಟ್ಟಣಗಳಲ್ಲೂ ಮಾಡಲಾಗದ್ದನ್ನು ಅವರು ಕಾಡಂಚಿನ ಗುಡಿಸಲುಗಳಲ್ಲಿ ಸದ್ದಿಲ್ಲದೆ ಮಾಡಿದರು. ಅವರ ಹೆಂಗಸರು ಹಳೆಯ ಸೀರೆ ತುಂಡು ಕೂಡಿಸಿ ಹೊಲಿಯುವ ಕೌದಿ ಇಂದು ವಿದೇಶದ ವಸ್ತುಸಂಗ್ರಹಾಲಯದವರೆಗೆ ಹೋಗಿದೆ. ಆ ಕೌದಿ ನೋಡಿದರೆ ಆಳಂದದ ಯಾವ ಮುದುಕಿಯಾದರೂ ‘ಇದು ನಮ್ಮದೇ ಹೊಲಿಗಿ’ ಅಂದಾಳು.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರ ತಿದ್ದುಪಡಿ ಧಾರವಾಡ, ಬೆಳಗಾವಿಯ ಸಿದ್ದಿಗಳನ್ನೂ ಸೇರಿಸಿತು. ನಮ್ಮ ಭಾಗದಲ್ಲಿ ಬಹಳ ಚರ್ಚೆಯಾದ ‘ತಳವಾರ’ ಎಂಬ ಹೆಸರು ಪಟ್ಟಿ ಸೇರಿದ್ದೂ ಅದೇ ತಿದ್ದುಪಡಿಯಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. 2021ರ ‘ಸಲಗ’ ಚಿತ್ರದಲ್ಲಿ ಗಿರಿಜಾ ಸಿದ್ದಿ ಮತ್ತು ಗೀತಾ ಸಿದ್ದಿ ದನಿಗೂಡಿಸಿದ ಹಾಡಿಗೆ ರಾಜ್ಯದ ಮದುವೆ ಮೆರವಣಿಗೆಗಳೆಲ್ಲ ಕುಣಿದವು. ಮೆರವಣಿಗೆಗೆ ಅವರ ಹಾಡು ಬಂತು, ಹಂದರದೊಳಗೆ ಅವರ ಹುಡುಗ ಮದುಮಗನಾಗಿ ಬರುವುದು ಉಳಿದಿದೆ.

ಹೆಣ್ಣು ಕೊಡುವುದು, ಹೆಣ್ಣು ಕಸಿಯುವುದು

‘ನಿಮ್ಮವರು ನಮಗೆ ಹೆಣ್ಣು ಕೊಡುವುದಿಲ್ಲ’ ಎಂಬ ದೂರು ಕಡಲಾಚೆಯೂ ಕೇಳಿತು. ಪೂರ್ವ ಆಫ್ರಿಕದಲ್ಲಿ ತಲೆಮಾರುಗಟ್ಟಲೆ ಅಂಗಡಿ ಇಟ್ಟ ಭಾರತೀಯರು ಆಫ್ರಿಕನ್ನರೊಡನೆ ವ್ಯಾಪಾರ ಬೆಳೆಸಿದರು, ಸಂಬಂಧ ಬೆಳೆಸಲಿಲ್ಲ. ಉಗಾಂಡಾದ ಇದಿ ಅಮೀನ್ ಇದನ್ನೇ ಒಂದು ದೂರಾಗಿ ಎತ್ತಿ ಆಡಿದ. 1972ರಲ್ಲಿ 90 ದಿನಗಳ ಗಡುವು ಕೊಟ್ಟು ಏಷ್ಯನ್ನರನ್ನು ಹೊರಗಟ್ಟಿದ. ಅದಕ್ಕೂ ಎರಡು ವರ್ಷ ಮೊದಲು ಜಂಜಿಬಾರಿನಲ್ಲಿ ಪರ್ಶಿಯನ್ ಮೂಲದ ಹುಡುಗಿಯರನ್ನು ಆಳುವ ಕ್ರಾಂತಿ ಮಂಡಳಿಯವರಿಗೆ ಬಲವಂತದಿಂದ ಮದುವೆ ಮಾಡಿಸಲಾಯಿತು. ಬಣ್ಣದ ಗೋಡೆ ಒಡೆಯುವ ಹೆಸರಿನಲ್ಲಿ ಹುಡುಗಿಯರ ಬಾಳು ಒಡೆಯಿತು.

ಈ ಎರಡನ್ನೂ ನೋಡಿದ ಮೇಲೆ ಅಂಬರನ ಮಗಳತ್ತ ಮತ್ತೊಮ್ಮೆ ತಿರುಗಬೇಕು. ಅಪ್ಪನ ಹೆಸರು, ಗಂಡನ ಹೆಸರು, ಪಟ್ಟಾಭಿಷೇಕದ ಕೋಟೆಯ ಹೆಸರು ನಮಗೆ ಸಿಗುತ್ತವೆ. ಅವಳ ಹೆಸರು ಈ ಕಥೆಯಲ್ಲಿ ಬರುವುದೇ ಇಲ್ಲ. ಅವಳನ್ನು ಯಾರೂ ಕೇಳಿರಲಿಕ್ಕಿಲ್ಲ. ಸಿಂಹಾಸನಕ್ಕೆ ಒಂದು ಮೆಟ್ಟಿಲು ಬೇಕಿತ್ತು, ಅವಳು ಮೆಟ್ಟಿಲಾದಳು. ರಾಜಕಾರಣ ಬಣ್ಣ ಬೆರೆಸಿದಾಗ ಅರಮನೆಯಲ್ಲಿ ಬಣ್ಣದ ಬೈಗುಳ ನಿಲ್ಲಲಿಲ್ಲ, ಅಂತಃಪುರದೊಳಕ್ಕೆ ಹೋಯಿತು ಅಷ್ಟೆ.

ತಾವೇ ಮನಸ್ಸು ಮಾಡಿ ಆದ ಮದುವೆಗಳ ದಾರಿ ಬೇರೆ. 1958ರಲ್ಲಿ 19ರ ವಯಸ್ಸಿನ ಶ್ಯಾಮಲಾ ಗೋಪಾಲನ್ ಎಂಬ ತಮಿಳು ಹುಡುಗಿ ಓದಲು ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋದಳು. ಅಲ್ಲಿನ ಕರಿಯ ವಿದ್ಯಾರ್ಥಿಗಳ ಚರ್ಚಾ ಕೂಟದಲ್ಲಿ ಜಮೈಕಾದ ಡೊನಾಲ್ಡ್ ಹ್ಯಾರಿಸ್ ಸಿಕ್ಕರು, 1963ರಲ್ಲಿ ಮದುವೆಯಾದರು. ಆಗ ಅಮೆರಿಕದ ಹಲವು ರಾಜ್ಯಗಳಲ್ಲಿ ಬಿಳಿಯರು ಬೇರೆ ಬಣ್ಣದವರನ್ನು ಮದುವೆಯಾಗುವುದು ಅಪರಾಧ. ಅಲ್ಲಿಯ ಸುಪ್ರೀಂ ಕೋರ್ಟು ಆ ಕಾನೂನುಗಳನ್ನು ಹೊಡೆದುಹಾಕಿದ್ದು 1967ರಲ್ಲಿ. ಶ್ಯಾಮಲಾ ದಂಪತಿ ಮುಂದೆ ಬೇರೆಯಾದರು. ಮಗಳು ಕಮಲಾ 2021ರಲ್ಲಿ ಅಮೆರಿಕದ ಉಪಾಧ್ಯಕ್ಷೆಯಾದಾಗ ತಾತನ ಊರು ತುಳಸೇಂದ್ರಪುರಂನಲ್ಲಿ ಬ್ಯಾನರು ಎದ್ದವು, ಗುಡಿಯಲ್ಲಿ ಪೂಜೆಯಾಯಿತು. ಗಾದಿ ಬಂದ ಮೇಲೆ ‘ನಮ್ಮ ಪೋರಿ’ ಎನ್ನುವುದು ಸುಲಭ. ಅಂಬರನ ಕಾಲದ ದಖ್ಖನ್ ಮಾಡಿದ್ದೂ ಹೆಚ್ಚು ಕಡಿಮೆ ಇದನ್ನೇ.

ಗಾದಿ ಇಲ್ಲದ ಕರಿಯನಿಗೆ ನಾವು ಏನು ಕೊಟ್ಟೆವು? 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟದ ಬಳಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಅಪಘಾತ ಮಾಡಿತೆಂದು ಗುಂಪು ಸೇರಿತು. ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈ ಮಾಡಿತು. ದೇಶ ಬೇರೆ, ಅವಳಿಗೂ ಅಪಘಾತಕ್ಕೂ ನಂಟಿಲ್ಲ. ಗುಂಪಿಗೆ ಕಂಡದ್ದು ಬಣ್ಣ ಒಂದೇ.

ನೋಟಿಸ್ ಬೋರ್ಡಿನ ಮುಂದೆ

ಆಳಂದಕ್ಕೆ ಕಲ್ಯಾಣ ದೂರವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬ್ರಾಹ್ಮಣ ಮಧುವರಸನ ಮಗಳನ್ನು ಸಮಗಾರ ಹರಳಯ್ಯನ ಮಗನಿಗೆ ಕೊಟ್ಟಾಗ ಇಬ್ಬರು ಬೀಗರಿಗೂ ಎಳೆಹೂಟೆ ಶಿಕ್ಷೆಯಾಯಿತು. ಶರಣರು ಜೊತೆಗೆ ಕೂತು ಉಂಡದ್ದನ್ನು ಬಿಜ್ಜಳನ ಕಲ್ಯಾಣ ಹೇಗೋ ಸಹಿಸಿತ್ತು, ಬೀಗತನವನ್ನು ಸಹಿಸಲಿಲ್ಲ. ವರ್ಣ ಎಂಬ ನಮ್ಮ ಶಬ್ದಕ್ಕೆ ಜಾತಿ ಎಂಬ ಅರ್ಥವೂ ಇದೆ, ಬಣ್ಣ ಎಂಬ ಅರ್ಥವೂ ಇದೆ.

ಇಂದು ಎಳೆಹೂಟೆ ಇಲ್ಲ, ವಿಶೇಷ ವಿವಾಹ ಕಾಯ್ದೆ ಇದೆ. 1954ರದ್ದು. ನಾಳೆ ನಮ್ಮ ಕಡೆಯ ಹುಡುಗಿಯೊಬ್ಬಳು ಬೆಂಗಳೂರಿನಲ್ಲೋ ದುಬೈನಲ್ಲೋ ಜೊತೆಗೆ ಕೆಲಸ ಮಾಡಿದ ನೈಜೀರಿಯಾದ ಹುಡುಗನನ್ನು ಮದುವೆಯಾಗುತ್ತೇನೆಂದರೆ, ದಾರಿ ಉಪನೋಂದಣಿ ಕಚೇರಿಗೆ ಹೋಗುತ್ತದೆ. ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ನೋಟಿಸು ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಮುಂದಿನ 30 ದಿನದಲ್ಲಿ ಯಾರು ಬೇಕಾದರೂ ತಕರಾರು ಹಾಕಬಹುದು. ಆಮೇಲೆ ಮೂವರು ಸಾಕ್ಷಿಗಳ ಮುಂದೆ ಇಬ್ಬರೂ ರುಜು ಹಾಕಬೇಕು. ಅಂಬರನ ಮಗಳಿಗೆ ಸಿಗದ ರುಜು ಅದು. ಮದುವೆಯಾಗಿ ಎರಡು ವರ್ಷ ಕಳೆದರೆ ವಿದೇಶಿ ಗಂಡ ಸಾಗರೋತ್ತರ ಭಾರತೀಯ ಪೌರರ ಕಾರ್ಡಿಗೆ ಅರ್ಜಿ ಹಾಕಬಹುದು.

ತಕರಾರು ಹಾಕಲು ಬರುವವರು ಮೊದಲು ಕಾಯ್ದೆ ಓದಿಕೊಂಡು ಬರುವುದು ಒಳ್ಳೆಯದು. ಈಗಾಗಲೇ ಗಂಡನೋ ಹೆಂಡತಿಯೋ ಇದ್ದರೆ, ವಯಸ್ಸಾಗಿರದಿದ್ದರೆ, ಒಪ್ಪಿಗೆ ಕೊಡುವಷ್ಟು ಬುದ್ಧಿ ಸ್ವಸ್ಥವಿರದಿದ್ದರೆ, ತೀರ ಹತ್ತಿರದ ರಕ್ತಸಂಬಂಧವಿದ್ದರೆ ತಕರಾರು ನಿಲ್ಲುತ್ತದೆ. ಕಾಯ್ದೆಯ ಕೊನೆಗೆ ಆ ನಿಷಿದ್ಧ ಸಂಬಂಧಗಳ ಪಟ್ಟಿಯೂ ಇದೆ. ಸರಸಂಬಾದ ಕಟ್ಟೆಯ ಮೇಲೆ ಕೂತು ಓದಿದರೆ ಹಿರಿಯರು ದಂಗಾದಾರು. ಅಕ್ಕನ ಮಗಳು ಆ ಪಟ್ಟಿಯಲ್ಲಿದ್ದಾಳೆ. ಸೋದರಮಾವನ ಮಗಳಿದ್ದಾಳೆ, ಸೋದರತ್ತೆಯ ಮಗಳೂ ಇದ್ದಾಳೆ. ನಮ್ಮ ಮನೆಗಳಲ್ಲಿ ‘ಕೇಳುವುದೇ ಬೇಡ, ಕೈ ಹಿಡಿಸಿಬಿಡ್ರಿ’ ಎನ್ನುವ ಸಂಬಂಧಗಳಿವೆಲ್ಲ. ಈ ಕಾಯ್ದೆಯಡಿ ಇವನ್ನು ಮಾಡಬೇಕಾದರೆ ನಮ್ಮ ಇಂಥ ರೂಢಿಯನ್ನು ರಾಜ್ಯ ಸರ್ಕಾರ ಅಧಿಸೂಚನೆಯಲ್ಲಿ ಒಪ್ಪಿರಬೇಕು.

ಭೀಮೆಯಾಚೆಯವನೋ, ಸಮುದ್ರದಾಚೆಯವನೋ, ಕರ್ರಗಿದ್ದಾನೋ, ಕೆಂಪಗಿದ್ದಾನೋ ಎಂದು ಕೇಳುವ ಸಾಲು ಆ ಪಟ್ಟಿಯಲ್ಲಿ ಹುಡುಕಿದರೂ ಸಿಗುವುದಿಲ್ಲ.